ಬೆಂಗಳೂರಿನ ಬಿಸಿಲು, ಮಳೆಗೆ ಕಾರಿನ ಬಣ್ಣ ಕಾಯಲು ಯಾವ ವ್ಯಾಕ್ಸ್ ಜಾಸ್ತಿ ದಿನ ಬಾಳುತ್ತದೆ? ಜಯನಗರದಲ್ಲಿ ಮರದ ಕೆಳಗೇ ಕಾರು ನಿಲ್ಲಿಸುತ್ತೇನೆ.

ಜಯನಗರದಲ್ಲಿ ಮರದ ಕೆಳಗೇ ಕಾರು ನಿಲ್ಲಿಸುತ್ತೀರಿ ಎಂದಿದ್ದೀರಿ. ಹಾಗಾದರೆ ಸಿಂಥೆಟಿಕ್ ಸೀಲಂಟ್, ಅಂದರೆ ಬಣ್ಣದ ಮೇಲೆ ಹಚ್ಚುವ ಕೃತಕ ಪಾಲಿಮರ್ ಲೇಪ, ತೆಗೆದುಕೊಳ್ಳಿ. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಅದರ ಹೊಳಪು ನಿಜಕ್ಕೂ ಚೆಂದ, ಆದರೆ ಸಾಮಾನ್ಯವಾಗಿ 1–2 ತಿಂಗಳಲ್ಲಿ ಹೋಗಿಬಿಡುತ್ತದೆ. ಈ ಪಾಲಿಮರ್ ಸೀಲಂಟ್ 4–6 ತಿಂಗಳು ಬರುತ್ತದೆ. ಮೇ ಕೊನೆಗೆ ಹಚ್ಚಿದರೆ ಮಳೆಗಾಲ ಕಳೆಯಬಹುದು, ಅಲ್ವಾ?

ಡಬ್ಬಿಗಿಂತ ಹಚ್ಚುವ ಕೆಲಸವೇ ಮುಖ್ಯ. ತೊಳೆದ ಮೇಲೆ ಬಾನೆಟ್ ಮೇಲೆ ಕೈ ಆಡಿಸಿ. ತರಿತರಿ ಎನಿಸಿದರೆ ಮೊದಲು ಶಾಂಪೂ ನೀರು ಹಾಕಿ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಮೆತ್ತನೆಯ ಜೇಡಿಯಂಥ ಮುದ್ದೆ) ಉಜ್ಜಿ. ಬೋರ್‌ವೆಲ್ ನೀರಾದರೆ ತಾನೇ ಒಣಗಲು ಬಿಡಬೇಡಿ, ಬಿಳಿ ಕಲೆ ಕೂರುತ್ತದೆ. ಸೀಲಂಟನ್ನು ನೆರಳಲ್ಲಿ, ತೆಳ್ಳಗೆ ಹಚ್ಚಿ. ಜಾಸ್ತಿ ಬಳಿದರೆ ಸುಮ್ನೆ ದಂಡ. ಹಕ್ಕಿ ಹಿಕ್ಕೆ ಬಿದ್ದರೆ ಮಾತ್ರ ಯಾವ ವ್ಯಾಕ್ಸನ್ನೂ ನಂಬಬೇಡಿ, ಅವತ್ತೇ ತೊಳೆಯಿರಿ.