ಪೆರಾಕ್ಸಿಸೋಮ್ ಮೇಲೆ ಪಿಎಚ್‌ಡಿ ಮಾಡಬಹುದಾ, ಇಲ್ಲ ಮೈಟೋಕಾಂಡ್ರಿಯಾ ಕಡೆಗೇ ಹೋಗಲಾ?

ಜೀವಕೋಶದೊಳಗಿನ ಪುಟ್ಟ ಪೊರೆಚೀಲವಾದ ಪೆರಾಕ್ಸಿಸೋಮ್ ಅಂದರೆ ಮೈಟೋಕಾಂಡ್ರಿಯಾದ ಸಣ್ಣ ಸಹಾಯಕ, ಅದಕ್ಕೆ ಐದು ವರ್ಷ ಕೊಡಬೇಕಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡು ಪೆರಾಕ್ಸಿಸೋಮ್ ಲ್ಯಾಬ್ ಸೇರಿದ್ದೆ.

ಅದಕ್ಕೆ ಮೊದಲು ಕೆಲಸ ಕಲಿತದ್ದು ಮೈಟೋಕಾಂಡ್ರಿಯಾ ಲ್ಯಾಬಿನಲ್ಲಿ. ಮೈಟೋಕಾಂಡ್ರಿಯಾ ಒಳಗೆ ಹೋಗುವ ಹೆಚ್ಚಿನ ಪ್ರೋಟೀನ್‌ಗಳ ವಿಳಾಸ, ಅಂದರೆ ಎಲ್ಲಿಗೆ ಹೋಗಬೇಕೆಂದು ಹೇಳುವ ಭಾಗ, ಪ್ರೋಟೀನ್ ಸರಪಳಿಯ ತಲೆಯ ಕಡೆ, ಅಂದರೆ ಎನ್ ತುದಿಯಲ್ಲಿರುತ್ತದೆ. ಹಾಗಾಗಿ ಪ್ರೋಟೀನ್ ಎಲ್ಲಿದೆ ಎಂದು ನೋಡಲು, ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಪ್ರೋಟೀನನ್ನು ಬಾಲಕ್ಕೆ, ಅಂದರೆ ಇನ್ನೊಂದು ತುದಿಗೆ, ಅಂಟಿಸುವುದು ರೂಢಿ. ಹೊಸ ಲ್ಯಾಬಿನಲ್ಲಿ ಒಂದು ಕಿಣ್ವ ಕೊಟ್ಟರು. ಯೋಚಿಸದೆ ಅದರ ಬಾಲಕ್ಕೇ ಜಿಎಫ್‌ಪಿ ಸೇರಿಸಿದೆ. ಕಿಣ್ವ ಪೆರಾಕ್ಸಿಸೋಮ್‌ಗಳ ಒಳಗೆ ಹೋಗಿದ್ದರೆ ಮೈಕ್ರೋಸ್ಕೋಪಿನಲ್ಲಿ ಚುಕ್ಕೆಗಳು ಕಾಣಬೇಕಿತ್ತು. ಬದಲಿಗೆ ಇಡೀ ಸೈಟೋಸಾಲ್, ಅಂದರೆ ಜೀವಕೋಶದೊಳಗಿನ ದ್ರವ, ಹಸಿರಾಗಿತ್ತು. ಈ ಕಿಣ್ವ ಹೊರಗೇ ಇರುತ್ತದೆ ಎಂದು ನಂಬಿ, ಅದರ ಮೇಲೆ ಪ್ರಯೋಗಗಳನ್ನು ಪೇರಿಸುತ್ತಾ ಹೋದೆ. ವರ್ಷಕ್ಕಿಂತ ಜಾಸ್ತಿ ಹೋಯಿತು.

ಪೆರಾಕ್ಸಿಸೋಮ್ ಒಳಗೆ ಹೋಗುವ ಹೆಚ್ಚಿನ ಪ್ರೋಟೀನ್‌ಗಳ ವಿಳಾಸ ಬಾಲದ ಕೊನೆಯ ಮೂರು ಅಮೈನೋ ಆಮ್ಲಗಳು: ಸೆರೀನ್, ಲೈಸೀನ್, ಲ್ಯೂಸೀನ್, ಅಥವಾ ಅವನ್ನು ಹೋಲುವ ಮೂರು. ಅವು ಕಟ್ಟಕಡೆಯಲ್ಲೇ ಇರಬೇಕು. ಪೆಕ್ಸ್5 ಎಂಬ ಪ್ರೋಟೀನ್ ಆ ತುದಿಯನ್ನು ಹಿಡಿದು ಪೊರೆಯ ಬಳಿ ಒಯ್ಯುತ್ತದೆ. ನಾನು ಅವುಗಳ ಆಚೆ ಜಿಎಫ್‌ಪಿ ಅಂಟಿಸಿದ್ದೆ. ಅವು ತುದಿಯಾಗಿ ಉಳಿಯಲೇ ಇಲ್ಲ. ಪೆಕ್ಸ್5ಗೆ ಹಿಡಿಯಲು ಏನೂ ಸಿಗಲಿಲ್ಲ. ಜೀವವಿಜ್ಞಾನಿ ಸುರೇಶ್ ಸುಬ್ರಮಣಿ ಅವರ ತಂಡ ಮಿಂಚುಹುಳದ ಲ್ಯೂಸಿಫೆರೇಸ್ ಕಿಣ್ವದಲ್ಲಿ ಈ ವಿಳಾಸವನ್ನು 1980ರ ದಶಕದಲ್ಲೇ ಕಂಡುಹಿಡಿದಿತ್ತು. ನಾನು ಅದನ್ನು ಓದಿಯೂ ಇದ್ದೆ. ಕೈ ಮಾತ್ರ ಹಳೇ ಅಭ್ಯಾಸ ಬಿಡಲಿಲ್ಲ. ಕೊನೆಗೆ ಜಿಎಫ್‌ಪಿಯನ್ನು ತಲೆಯ ಕಡೆ ಇಟ್ಟೆ. ಚುಕ್ಕೆಗಳು ಕಂಡವು.

ಅದಕ್ಕೇ 'ಸಣ್ಣ ಸಹಾಯಕ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೈಟೋಕಾಂಡ್ರಿಯಾ ಒಳಗೆ ಹೋಗಲು ಪ್ರೋಟೀನ್ ಎಳೆಯಾಗಿ ಬಿಚ್ಚಿಕೊಳ್ಳಬೇಕು. ಇಲ್ಲಿ ಪೂರ್ತಿ ಮಡಿಚಿಕೊಂಡದ್ದೇ ಒಳಹೋಗುತ್ತದೆ! ಪೊರೆ ಒಂದೇ, ಸ್ವಂತ ಡಿಎನ್‌ಎ ಇಲ್ಲ. ನಮ್ಮ ಜೀವಕೋಶಗಳಲ್ಲಿ 22 ಕಾರ್ಬನ್ ಮತ್ತು ಅದಕ್ಕೂ ಉದ್ದದ ಕೊಬ್ಬಿನಾಮ್ಲಗಳನ್ನು ಮೊದಲು ಕತ್ತರಿಸುವುದು ಪೆರಾಕ್ಸಿಸೋಮೇ. ಯೀಸ್ಟಿನಲ್ಲಂತೂ ಕೊಬ್ಬಿನಾಮ್ಲಗಳನ್ನು ಹೀಗೆ ಕತ್ತರಿಸುವ ಕೆಲಸ, ಅಂದರೆ ಬೀಟಾ ಆಕ್ಸಿಡೇಶನ್, ಪೂರ್ತಿ ಇಲ್ಲೇ ನಡೆಯುತ್ತದೆ. ಪೆರಾಕ್ಸಿಸೋಮ್ ಕಟ್ಟಲು ಬೇಕಾದ ಪೆಕ್ಸ್ ಜೀನ್ ಕೆಟ್ಟು ತೀವ್ರ ಜೆಲ್‌ವೆಗರ್ ಸಿಂಡ್ರೋಮ್ ಎಂಬ ಕಾಯಿಲೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಮೊದಲ ವರ್ಷ ದಾಟುವುದಿಲ್ಲ. ಅವರ ಜೀವಕೋಶಗಳಲ್ಲೂ ಮೈಟೋಕಾಂಡ್ರಿಯಾ ಇರುತ್ತದೆ ಅಲ್ವಾ?

ಕಂಡುಹಿಡಿಯಲು ಏನೂ ಉಳಿದಿಲ್ಲ ಅಂದುಕೊಳ್ಳಬೇಡಿ. ಮಡಿಚಿದ ಪ್ರೋಟೀನ್ ಪೊರೆ ದಾಟುವಲ್ಲಿ ಪೆಕ್ಸ್13 ಎಂಬ ಪ್ರೋಟೀನ್ ಜೆಲ್ಲಿನಂಥ ಜಾಲ ಕಟ್ಟುತ್ತದೆ ಎಂದು ತೋರಿಸಿದ್ದೇ 2022ರಲ್ಲಿ.

ಸೇರಿ ಅಂತಲೇ ಹೇಳುತ್ತೇನೆ. ಮೊದಲ ವಾರವೇ ನಿಮ್ಮ ಪ್ರೋಟೀನಿನ ಕೊನೆಯ ಮೂರು ಅಕ್ಷರ ನೋಡಿ. ಎಸ್‌ಕೆಎಲ್ (ಸೆರೀನ್, ಲೈಸೀನ್, ಲ್ಯೂಸೀನ್) ಥರದ್ದಿದ್ದರೆ ಜಿಎಫ್‌ಪಿ ತಲೆಗೆ. ಕೆಲವಕ್ಕೆ ಪಿಟಿಎಸ್2 ಎಂಬ ವಿಳಾಸ ತಲೆಯ ಕಡೆಯೇ ಇರುತ್ತದೆ, ಅವಕ್ಕೆ ಬಾಲಕ್ಕೆ. ಎರಡೂ ವಿಳಾಸ ಕಾಣದಿದ್ದರೆ ಎರಡು ಬೇರೆ ಬೇರೆ ಪ್ಲಾಸ್ಮಿಡ್ (ಜೀನನ್ನು ಕೋಶಕ್ಕೆ ಒಯ್ಯುವ ಡಿಎನ್‌ಎ ಉಂಗುರ) ಕಟ್ಟಿ, ಒಂದರಲ್ಲಿ ಜಿಎಫ್‌ಪಿ ತಲೆಗೆ, ಇನ್ನೊಂದರಲ್ಲಿ ಬಾಲಕ್ಕೆ ಹಾಕಿ ನೋಡಿ. ಜೊತೆಗೆ ಪೆರಾಕ್ಸಿಸೋಮ್ ಪೊರೆಯ ಪ್ರೋಟೀನ್ ಪಿಎಂಪಿ70ಗೆ ಅಂಟುವ ಆ್ಯಂಟಿಬಾಡಿಯಿಂದ ಆ ಪೊರೆಗೂ ಬಣ್ಣ ಹಾಕಿ, ಚುಕ್ಕೆಗಳು ನಿಜಕ್ಕೂ ಪೆರಾಕ್ಸಿಸೋಮೇ ಎಂದು ಗೊತ್ತಾಗುತ್ತದೆ.