ರೌಡಿ ನಾಯಕನಿಗೆ ಮೊದಲು ಹೆದರಿಕೆ ಇರಲಿ

ನಿಮ್ಮ ಕಿರುಚಿತ್ರದ ಚಿತ್ರಕಥೆಯನ್ನು ಪೂರ್ತಿ ಓದಿದೆ. ರೌಡಿಯ ಪಾತ್ರ ನಂಬುವಂತಿಲ್ಲ ಎಂದು ಗೆಳೆಯರು ಹೇಳಿದರು, ಇನ್ನಷ್ಟು ರಕ್ತ ತೋರಿಸಿ ನಿಜವಾದ ಕೊಳೆಗೇರಿಯಲ್ಲೇ ಚಿತ್ರೀಕರಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ. ನಿಮ್ಮ ನಾಯಕ ಮೊದಲ ಪುಟದಿಂದಲೇ ಯಾರಿಗೂ ಹೆದರುವುದಿಲ್ಲ, ಕಳೆದುಕೊಳ್ಳಲು ಅವನ ಬಳಿ ಏನೂ ಇಲ್ಲ. ತೊಡಕು ಇರುವುದು ಅಲ್ಲಿ.

ತಮಿಳಿನ ಒಳ್ಳೆಯ ಗ್ಯಾಂಗ್‌ಸ್ಟರ್ ಚಿತ್ರಗಳನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ. ವೆಟ್ರಿಮಾರನ್ ಅವರ ‘ಪೊಲ್ಲಾದವನ್’ನಿಂದ (2007) ಶುರುಮಾಡಿ. ಧನುಷ್ ಅಲ್ಲಿ ರೌಡಿಯೇ ಅಲ್ಲ, ಸಾಧಾರಣ ಮನೆಯ ಹುಡುಗ. ಆಸೆಪಟ್ಟು ಕೊಂಡ ಪಲ್ಸರ್ ಬೈಕ್ ಕಳುವಾಗುತ್ತದೆ, ಹುಡುಕಿಕೊಂಡು ಹೋದವನು ಚೆನ್ನೈನ ಭೂಗತ ಲೋಕಕ್ಕೆ ಸಿಕ್ಕಿಬೀಳುತ್ತಾನೆ. ಒಂದು ಬೈಕು ಸಾಕಾಯಿತು! ತಂದೆಯಾಗಿ ನಮ್ಮ ನಿರ್ದೇಶಕ ಸಿದ್ದಲಿಂಗಯ್ಯನವರ ಮಗ ಮುರಳಿ, ರೌಡಿ ಸೆಲ್ವಂ ಆಗಿ ನಮ್ಮ ಕಿಶೋರ್ ಇದ್ದಾರೆ. ಯೋಗೇಶ್ ನಟಿಸಿದ ‘ಪುಂಡ’ ಇದರದೇ ರೀಮೇಕ್. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಲಿಯುವುದು ಬಹಳ ಇದೆ.

‘ವಡ ಚೆನ್ನೈ’ನ (2018) ಮೊದಲ ದೃಶ್ಯವನ್ನಂತೂ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಕೊಲೆ ಆಗಲೇ ಮುಗಿದಿದೆ, ನಮಗೆ ಇನ್ನೂ ತೋರಿಸಿಲ್ಲ. ನಾಲ್ವರು ಹೋಟೆಲೊಂದರಲ್ಲಿ ಕುಳಿತಿದ್ದಾರೆ, ರಕ್ತ ಹತ್ತಿದ ಆಯುಧಗಳು ಮೇಜಿನ ಮೇಲಿವೆ, ಮುಂದೇನು ಎಂಬ ಮಾತು ನಡೆದಿದೆ. ಕತ್ತಿ ಬೀಸುವುದನ್ನು ಇಲ್ಲೇ ತೋರಿಸಿದ್ದರೆ ಇಷ್ಟು ನಡುಕ ಹುಟ್ಟುತ್ತಿರಲಿಲ್ಲ. ಇನ್ನು ನಾಯಕ ಅನ್ಬು ಕೇರಂ ಆಡಿ ಹೆಸರು ಮಾಡಬೇಕೆಂದಿದ್ದ ಹುಡುಗ. ಜೈಲಿನಲ್ಲಿ ಅವನು ಚಾಕು ಎತ್ತುವುದೂ ಕೇರಂ ಪಂದ್ಯದ ನಡುವೆಯೇ. ಅವನು ಪ್ರೀತಿಸಿದ ಆಟವೇ ಅಪರಾಧದ ಜಾಗವಾಗುತ್ತದೆ. ಬರವಣಿಗೆ ಎಂದರೆ ಇದು.

ಸೆಲ್ವರಾಘವನ್ ಅವರ ‘ಪುದುಪೇಟೈ’ (2006) ಇನ್ನೂ ಕಠಿಣ. ತಾಯಿಯನ್ನು ತಂದೆಯೇ ಕೊಂದದ್ದನ್ನು ಕಂಡು ಮನೆಬಿಟ್ಟು ಓಡಿದ ಹುಡುಗ ಕುಮಾರ್. ಮುಂದೆ ಅವನು ಮಾಡುವ ಕ್ರೌರ್ಯಕ್ಕೆ ಚಿತ್ರ ಕ್ಷಮೆ ಕೇಳುವುದಿಲ್ಲ. ನೀವೂ ಕೇಳಬೇಡಿ.

ಜಾಗದ ಚಿಂತೆ ಬಿಡಿ. ‘ನಾಯಗನ್’ನ (1987) ಮುಂಬೈ ಕೊಳೆಗೇರಿ ಧಾರಾವಿಯ ಬಹುಭಾಗವನ್ನು ಕಲಾ ನಿರ್ದೇಶಕ ತೋಟ ತರಣಿ ಚೆನ್ನೈನಲ್ಲಿ ಸೆಟ್ ಹಾಕಿ ಕಟ್ಟಿದ್ದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಾವು ನಂಬಿದ್ದು ಮಗನ ಶವದ ಮುಂದೆ ಕುಸಿದ ನಾಯಕ ವೇಲುವನ್ನು, ಅವನನ್ನು ಪ್ರಶ್ನಿಸಿ ಮನೆಬಿಟ್ಟು ಹೋದ ಮಗಳನ್ನು.

ನಿಮ್ಮ ಕಥೆಯಲ್ಲಿ ಒಬ್ಬ ತಂಗಿ ಇದ್ದಾಳೆ, ಒಂದೇ ಪುಟದಲ್ಲಿ ಬಂದು ಮಾಯವಾಗುತ್ತಾಳೆ. ಮೂರನೆಯ ದೃಶ್ಯದ ಹೊಡೆದಾಟವನ್ನು ತೆಗೆದು ಆ ಜಾಗವನ್ನು ಅವಳಿಗೆ ಕೊಡಿ. ಅಣ್ಣ ಏನು ಮಾಡಿ ಬಂದಿದ್ದಾನೆ ಎಂಬುದು ಅವಳಿಗೆ ಗೊತ್ತಿರಲಿ. ತಿದ್ದಿದ ಪ್ರತಿಯನ್ನು ಇಲ್ಲೇ ಹಾಕಿ, ಖಂಡಿತ ಓದುತ್ತೇನೆ.