ಎರಡು ಹೊತ್ತೂ ಜೋಳದ ರೊಟ್ಟಿ ತಿಂದರೆ ಪೆಲಾಗ್ರಾ ಬರುತ್ತದೆಯೇ?

ಎರಡು ಹೊತ್ತೂ ಜೋಳದ ರೊಟ್ಟಿ ಉಣ್ಣುವ ನಿಮ್ಮ ತಾಯಿಯವರಿಗೆ ಪೆಲಾಗ್ರಾ ಬಂದೀತೇ, ರೊಟ್ಟಿ ಬಿಡಿಸಬೇಕೇ ಎಂದು ಕೇಳಿ ಬರೆದಿದ್ದೀರಿ. ಅವರ ತಟ್ಟೆಯಿಂದ ರೊಟ್ಟಿ ತೆಗೆಯಬೇಡಿ. ಬಿಳಿಜೋಳಕ್ಕೂ ಪೆಲಾಗ್ರಾಕ್ಕೂ ನಂಟಿದೆ ಎಂದು ನೀವು ಓದಿದ್ದು ಸುಳ್ಳೇನಲ್ಲ. ಆದರೆ ಬರೆದವರು ಅರ್ಧ ಕಥೆ ಹೇಳಿ ಹೆದರಿಸಿದ್ದಾರೆ. ನಾನು ವೈದ್ಯನಲ್ಲ. ವಿಜಯಪುರದ ಕಡೆಯ ಒಕ್ಕಲುತನದ ಮನೆಯವನು, ರೊಟ್ಟಿ ಉಂಡೇ ಬೆಳೆದವನು. ಆ ಕಾರಣಕ್ಕೇ ಈ ವಿಷಯವನ್ನು ಹುಡುಕಿ ಓದಿದ್ದೇನೆ.

ಪೆಲಾಗ್ರಾ ಎಂದರೆ ನಯಾಸಿನ್ ಎಂಬ ಜೀವಸತ್ವದ ಕೊರತೆ. ಬಿಸಿಲು ತಾಗುವ ಮುಂಗೈ, ಪಾದ, ಕುತ್ತಿಗೆಯ ಸುತ್ತಲಿನ ಚರ್ಮ ಕಪ್ಪಾಗಿ ಬಿರಿಯುತ್ತದೆ, ಭೇದಿ ಹಿಡಿಯುತ್ತದೆ, ಬಲಿತರೆ ಬುದ್ಧಿಯೂ ಮಂಕಾಗುತ್ತದೆ. ಯುರೋಪಿನಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ್ದ ಬಡವರನ್ನು ಕಾಡಿದ ಈ ರೋಗ ದಖ್ಖನ್ನಿನ ಬಿಳಿಜೋಳದ ಸೀಮೆಯಲ್ಲೂ ಕಾಣಿಸಿತು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವೇ ಇದಕ್ಕೆ ಕಾರಣವಿರಬಹುದು ಎಂದು ಹೈದರಾಬಾದಿನಲ್ಲಿ ಪೋಷಣಾ ಸಂಶೋಧನೆ ನಡೆಸುತ್ತಿದ್ದ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ ಬರೆದರು. ಆ ವಾದವನ್ನು ಮುಂದೆ ಬೇರೆಯವರು ಪ್ರಶ್ನಿಸಿದರು. ಆದರೆ ರೋಗ ಬಂದದ್ದು ಯಾರಿಗೆ? ರೊಟ್ಟಿಯ ಜೊತೆ ಉಪ್ಪು, ಖಾರದಾಚೆ ಹೆಚ್ಚೇನೂ ಸಿಗದ ಕೂಲಿಕಾರರಿಗೆ.

ನಿಮ್ಮ ತಾಯಿ ರೊಟ್ಟಿಯೊಡನೆ ಏನು ತಿನ್ನುತ್ತಾರೆ ಎಂದು ನೀವು ಬರೆದಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ), ಝುಣಕ, ಹೆಸರುಕಾಳಿನ ಪಲ್ಯ, ಒಂದು ಬಟ್ಟಲು ಮೊಸರು ಇದ್ದರೆ ಚಿಂತೆ ಬೇಡ. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇರುತ್ತದೆ. ದೊಡ್ಡವರಿಗೆ ದಿನವೊಂದಕ್ಕೆ ಬೇಕಾಗುವುದು 11ರಿಂದ 16 ಮಿಲಿಗ್ರಾಂ. ಒಂದು ಹಿಡಿ ಶೇಂಗಾದಲ್ಲೇ ಕಾಲು ಭಾಗ ಮುಗಿಯಿತು.

ಜೋಳದ ವಿಷಯದಲ್ಲಿ ನಾನು ಹೆದರುವುದಾದರೆ ಬೂಷ್ಟಿಗೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಳು ತೆನೆಯಲ್ಲಿರುವಾಗಲೇ ನಸುಗೆಂಪಾಗಿ, ಕಪ್ಪಾಗಿ ಕೆಡುತ್ತದೆ. 1995ರಲ್ಲಿ ದಖ್ಖನ್ನಿನ ಹಲವು ಹಳ್ಳಿಗಳಲ್ಲಿ ಹೀಗೆ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು, ಭೇದಿ ಶುರುವಾಯಿತು. ಆ ಕಾಳು ಬಿಟ್ಟ ಮೇಲೆ ಗುಣವಾಯಿತು. ಶಿಲೀಂಧ್ರ ಹುಟ್ಟಿಸುವ ಫ್ಯೂಮೋನಿಸಿನ್ ಎಂಬ ವಿಷ ಅದರಲ್ಲಿ ಪತ್ತೆಯಾಯಿತು. ಹಂಚಿನ ಬಿಸಿಗೆ ಪೂರ್ತಿ ಹೋಗುವಂಥದ್ದಲ್ಲ ಅದು. ಹಿಂಗಾರಿ ಜೋಳ, ನಮ್ಮ ಮಾಲದಂಡಿ ತಳಿಯಂಥದ್ದು, ಎರೆಭೂಮಿಯ ಹಸಿಯಲ್ಲೇ ಬೆಳೆದು ಒಣ ಹವೆಯಲ್ಲಿ ಕೊಯ್ಲಿಗೆ ಬರುತ್ತದೆ. ಮುಂಗಾರಿ ಹೈಬ್ರಿಡ್ ಜೋಳಕ್ಕೆ ಆ ಭಾಗ್ಯವಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಸಿದ್ಧ ಹಿಟ್ಟಿನ ಪೊಟ್ಟಣ ತರುವ ಬದಲು ಕಾಳು ತಂದು ಬೀಸಿಸಿ. ಕೊಳ್ಳುವ ಮುಂಚೆ ಅಂಗೈಯಲ್ಲಿ ಹಾಕಿಕೊಂಡು ನೋಡಿ: ಕಾಳು ಗಟ್ಟಿಯಾಗಿ, ಹೊಳಪಾಗಿರಬೇಕು, ಮೂಸಿದರೆ ಮುಗ್ಗಲು ವಾಸನೆ ಬರಬಾರದು. ಹಿಟ್ಟಾದ ಮೇಲೆ ಕೆಟ್ಟ ಕಾಳನ್ನು ಯಾರು ಗುರುತಿಸಬಲ್ಲರು?

ಜೋಳವನ್ನು ಮೊಳಕೆ ಕಟ್ಟಿಸಿ ಹಸಿಯಾಗಿ ತಿನ್ನಿ ಎನ್ನುವ ವಿಡಿಯೊಗಳನ್ನು ಮಾತ್ರ ನಂಬಬೇಡಿ. ಎಳೆ ಜೋಳದ ಪೈರು ಮೇಯ್ದ ದನ ಯಾಕೆ ಸಾಯುತ್ತದೆ ಎಂದು ಯಾವ ರೈತನನ್ನಾದರೂ ಕೇಳಿ. ಸಯನೈಡ್ ಬಿಡುವ ಅದೇ ಅಂಶ ಮೊಳಕೆಯಲ್ಲೂ ಇದೆ. ಒಣ ಕಾಳಿನಲ್ಲಿ ಆ ಭಯವಿಲ್ಲ.

ತಾಯಿಯವರ ಮುಂಗೈ ಕಪ್ಪಾಗಿದೆ ಎಂದೂ ಬರೆದಿದ್ದೀರಿ. ಅದಕ್ಕೆ ಹತ್ತಾರು ಕಾರಣಗಳಿರಬಹುದು, ಚರ್ಮದ ವೈದ್ಯರಿಗೆ ತೋರಿಸಿ. ಎರಡೂ ಕೈಗಳಲ್ಲಿ ಒಂದೇ ರೀತಿ ಇದ್ದು ಜೊತೆಗೆ ಭೇದಿಯೂ ಇದ್ದರೆ ತಡಮಾಡಬೇಡಿ. ಪೆಲಾಗ್ರಾವೇ ಆದರೂ ಮಾತ್ರೆಗಳಿಂದ ವಾಸಿಯಾಗುತ್ತದೆ. ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆಯಿಂದಲೂ ಇದು ಬರಬಹುದು, ಹಾಗಾಗಿ ಅವರು ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿಯನ್ನು ಒಯ್ಯಲು ಮರೆಯಬೇಡಿ.